ಬೆನ್ನು ಹುಡುಕೋ ಬಾಣ

ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲ. ರೋಮಾಪುರಿ ಅಂತ ಒಂದು ರಾಜ್ಯ. ಅಲ್ಲಿ ವಿಬಿಯ ಅಂತ ಒಬ್ಬ. ಪಡೆ ಮುಂದೆ ಕಂಚಿನ ಗರುಡ ಹೊರೋದು ಅವನ ಕೆಲಸ. ಗರುಡ ಎಲ್ಲೋ ಪಡೆ ಅಲ್ಲೇ. ಅದರ ಕೊಕ್ಕನ್ನ ಶತ್ರು ಕಡೆಯಿಂದ ತಿರುಗಿಸಿದರೆ ಹೊತ್ತವನ ತಲೆ ಹೋಯ್ತು ಅಂತಲೇ ಲೆಕ್ಕ.

ದಂಡನಾಯಕನಿಗೆ ಪಾರ್ಥಿಯರ ನಾಡು ಬೇಕು ಅಂತ ಹಟ. ನಲವತ್ತು ಸಾವಿರ ಜನ ಹೊರಟರು, ನೆರಳೂ ಸೇರಿಸಿದರೆ ಎಂಬತ್ತು. ವಿಬಿಯನ ತಮ್ಮ ಸೆಪ್ತಿಯನೂ ಪಡೇಲಿದ್ದ. ಅವನನ್ನ ಬಿಟ್ಟು ಒಬ್ಬನೇ ಬಂದರೆ ಬಾಗಿಲು ತೆಗೆಯಲ್ಲ ಅಂತ ವಿಬಿಯನ ಅವ್ವ ಹೇಳಿ ಕಳಿಸಿದ್ದಳು.

ಮರಳುಗಾಡಲ್ಲಿ ಪಾರ್ಥಿಯರ ಮಾಂತ್ರಿಕ ಕಾದಿದ್ದ. ಅವನ ಒಂಟೆ ಒಂದು ಸಲ ಕೆಮ್ಮಿದರೆ ಬಾಯಿಂದ ಸಾವಿರ ಬಾಣ ಉದುರೋವು. ಪಾರ್ಥಿಯರ ಸವಾರರು ಕುದುರೆ ಮೇಲೆ ಓಡಿಹೋಗ್ತಾನೇ ಸೊಂಟ ತಿರುಗಿಸಿ ಆ ಬಾಣಗಳನ್ನ ಬಿಡೋರು. ಎದೆ ಕಂಡರೆ ಆ ಬಾಣ ನಾಚಿಕೊಂಡು ನಿಂತುಬಿಡೋದು. ಬೆನ್ನು ಕಂಡರೆ ಬಿಡ್ತಿರಲಿಲ್ಲ.

ಮೊದಲನೇ ದಿನ ಬಾಯಾರಿದ ನೂರು ಜನ ಹಿಂದಿದ್ದ ನದಿ ಕಡೆ ತಿರುಗಿದರು. ಒಂಟೆ ಕೆಮ್ಮಿತು. ನೂರೂ ಜನ ಮಲಗಿದರು.

ಎರಡನೇ ದಿನ ಸಾವಿರ ಜನ ತಿರುಗಿದರು. ಒಂಟೆ ಕೆಮ್ಮಿತು. ಸಾವಿರವೂ ಮಲಗಿತು.

ನಿಂತರೆ ನೀರಿಲ್ಲ, ತಿರುಗಿದರೆ ಜೀವ ಇಲ್ಲ. ದಂಡನಾಯಕ ಡೇರೆ ಹೊಕ್ಕವನು ಹೊರಗೇ ಬರಲಿಲ್ಲ.

ಮೂರನೇ ದಿನ ತಮ್ಮ ಸೆಪ್ತಿಯನ ನಾಲಗೆ ಊದಿಕೊಂಡಿತ್ತು.

"ಅಣ್ಣ, ನಾನು ತಿರುಗ್ತೀನಿ. ಇನ್ನು ಆಗಲ್ಲ."

ವಿಬಿಯ ತಮ್ಮನ ರಟ್ಟೆ ಬಿಗಿಯಾಗಿ ಹಿಡಕೊಂಡ. ಎದುರಿಗೆ ಸವಾರರು ದೂರ ಹೋಗ್ತಿದ್ದರು, ಮುಖ ಮಾತ್ರ ಇತ್ತಲೇ. ಅವನಿಗೆ ತಟ್ಟನೆ ಹೊಳೀತು.

"ಅವರ ಥರಾನೇ ಹೋಗೋಣ ಕಣೋ. ಮುಖ ಅತ್ತ, ಹೆಜ್ಜೆ ಹಿಂದಕ್ಕೆ."

"ಬೀಳ್ತೀವಿ."

"ಬಿದ್ದರೆ ಅಂಗಾತ ಬೀಳು. ಬೋರಲು ಮಾತ್ರ ಬೀಳಬೇಡ."

ಗರುಡ ಹಿಂದಕ್ಕೆ ಹೊರಟಿತು, ಕೊಕ್ಕು ಶತ್ರು ಕಡೆಗೇ. ಪಡೇನೂ ಹೊರಟಿತು, ಡೇರೇನ ದಂಡನಾಯಕನ ಸಮೇತ ಹೊತ್ತುಕೊಂಡು. ಒಂಟೆ ಕೆಮ್ಮಿತು. ಬಾಣಗಳು ಬಂದು ಮೂಗಿನ ಮುಂದೆ ಗುಂಯ್ ಅಂತ ನಿಂತವು. ಒಂದು ಬೆನ್ನೂ ಇಲ್ಲ.

ಅಷ್ಟರಲ್ಲಿ, ಇನ್ನೊಂದು ಸಲ ಕೆಮ್ಮು ಅಂತ ಬೈಯೋಕೆ ಮಾಂತ್ರಿಕ ಒಂಟೆ ಕಡೆ ತಿರುಗಿದ.

ಸಾವಿರ ಬಾಣಕ್ಕೆ ಅದೊಂದೇ ಬೆನ್ನು. ಮಾಂತ್ರಿಕ ಹೊಗೆಯಾಗಿ ಹೋದ. ಮಲಗಿದ್ದ ಸಾವಿರದ ನೂರು ಜನ ಬೆನ್ನು ಕೆರಕೊಂಡು ಎದ್ದರು.

ಆದರೂ ತಿರುಗೋ ಧೈರ್ಯ ಯಾರಿಗೂ ಇಲ್ಲ. ನದೀಲಿ ನೀರು ಕುಡಿದು, ರೋಮಾಪುರಿ ತನಕ ಹಿಮ್ಮುಖವಾಗೇ ನಡೆದರು. ಅವ್ವ ಕಿಟಕೀಲಿ ನೋಡಿದರೆ ಅಂಗಳದಲ್ಲಿ ಎರಡು ಬೆನ್ನು.

"ಬೆನ್ನು ತೋರಿಸಿ ಬಂದಿರೇನ್ರೋ?"

"ಅವರಿಗೆ ತೋರಿಸಲಿಲ್ಲವ್ವ," ಅಂದ ವಿಬಿಯ. "ನಿನಗೇ ಮೊದಲು."

ಅವ್ವ ಕಿಟಕಿಯಿಂದಲೇ ಕೈ ಚಾಚಿ ಎರಡು ಬೆನ್ನೂ ತಡವಿದಳು. ತೂತಿರಲಿಲ್ಲ. ಬಾಗಿಲು ತೆಗೆದಳು.

ಪಾರ್ಥಿಯರ ನಾಡು ಪಾರ್ಥಿಯರಿಗೇ ಉಳೀತು. ಇವರೂ ಸುಖವಾಗಿದ್ದರು. ಯಾರಾದರೂ ಕೆಮ್ಮಿದಾಗ ಮಾತ್ರ ಇಡೀ ರೋಮಾಪುರಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲೋದು.