ಎರಡು ಸಲ ಕಳೆದದ್ದು

“ನಿಮ್ಮ ಲೆಕ್ಕ ತಪ್ಪು.”

ತುಂಬಿದ ಸಭಾಂಗಣದಲ್ಲಿ ಅವನು ಎದ್ದು ನಿಂತು ಹೇಳಿದ. ವೇದಿಕೆಯ ಮೇಲಿದ್ದ ಅವಳು ಪರದೆಯಿಂದ ತಿರುಗಿ ನೋಡಿದಳು. ನಾಲ್ಕು ತಿಂಗಳಿಂದ ಮಾತು ಬಿಟ್ಟವನು ಇವತ್ತು ಬಾಯಿ ತೆರೆದದ್ದು ಇದಕ್ಕಾ? ಅದೂ ‘ನಿಮ್ಮ’ ಅಂತ!

ವಿದ್ಯುದಾವೇಶ ಹೊತ್ತ ಎರಡು ಕಪ್ಪು ಕುಳಿಗಳು ಡಿಕ್ಕಿ ಹೊಡೆದು ಒಂದಾಗುವುದನ್ನು ಇಬ್ಬರೂ ಮೂರು ವರ್ಷ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದರು. ಡಿಕ್ಕಿಯಲ್ಲಿ ಒಂದಿಷ್ಟು ತೂಕ ಗುರುತ್ವದ ಅಲೆಗಳಾಗಿ ಹಾರಿಹೋಗುತ್ತದೆ, ಆವೇಶ ಹಾಗೇ ಉಳಿಯುತ್ತದೆ. ತೂಕ ಆವೇಶಕ್ಕಿಂತ ಕಡಿಮೆಯಾದರೆ ಕುಳಿಯ ಮುಸುಕೇ ಕಳಚಿ, ಎಲ್ಲವೂ ಕುಸಿದು ಸೇರಿದ ಒಳಗಿನ ಬಿಂದು ಜಗತ್ತಿಗೆ ಬೆತ್ತಲಾಗುತ್ತದೆ. ದೊಡ್ಡ ವಿಜ್ಞಾನಿಗಳೆಲ್ಲ ಆಗದು ಎಂದು ನಂಬಿದ್ದನ್ನು ಅವಳ ಲೆಕ್ಕ ಆಗುತ್ತದೆ ಎಂದಿತ್ತು. ಇವತ್ತು ಸಭೆಯನ್ನು ಒಪ್ಪಿಸಿದರೆ ಅವಳ ಕೆಲಸ ಖಾಯಂ.

“ಅಲೆಗಳ ಪಾಲನ್ನ ನನ್ನ ಭಾಗದಲ್ಲೇ ಕಳೆದಿದ್ದೆ. ನೀವು ಇನ್ನೊಂದು ಸಲ ಕಳೆದಿದ್ದೀರಿ.”

ಮಾತು ಬಿಟ್ಟ ಮೇಲೆ ಯಾರು ಏನು ಮಾಡಿದೆವೆಂದು ಒಬ್ಬರಿಗೊಬ್ಬರು ಹೇಳಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ. ಮದುವೆಯೊಂದು ಆಗಿರಲಿಲ್ಲ, ಅಷ್ಟೇ!

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮುಂದಿನ ಸಾಲಿನಲ್ಲಿದ್ದ ವಿಭಾಗದ ಮುಖ್ಯಸ್ಥ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

“ಪತ್ರಿಕೆಗೆ ಕಳಿಸಿರೋ ಪ್ರಬಂಧ ಸಂಜೆಯೊಳಗೆ ವಾಪಸ್ ತಗೊಳ್ಳಮ್ಮ. ಕೆಲಸದ ಮಾತು... ಇನ್ನು ಬೇಡ.”

ಅವಳು ಕೋಣೆಯಲ್ಲಿ ವಾಪಸಾತಿ ಪತ್ರ ಟೈಪ್ ಮಾಡುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತ.

“ತಪ್ಪು ಯಾವಾಗ ಗೊತ್ತಾಯ್ತು?” ಅವಳು ಕೇಳಿದಳು.

“ಹತ್ತು ದಿನ ಆಯ್ತು.”

“ಪಕ್ಕದ ಕೋಣೆ ಕಣೋ! ಒಂದು ಮಾತು ಹೇಳಕ್ಕಾಗಲಿಲ್ವಾ?”

“ಪ್ರಬಂಧದಿಂದ ನನ್ನ ಹೆಸರು ತೆಗೆದುಬಿಟ್ಟಿದ್ಯಲ್ಲ... ನೀನು ಬೀಳೋದನ್ನ ನೋಡ್ಬೇಕು ಅನ್ನಿಸ್ತು. ನೋಡ್ದೆ. ಹೊಟ್ಟೆ ತಣ್ಣಗಾಗಲಿಲ್ಲ.”

ಎಂಥ ಕಟುಕ ಇವನು! ಆದರೆ ಆ ಹೆಸರು ಅಳಿಸಿದ ಕೈ ತನ್ನದೇ... ಅವಳಿಗೆ ಅಳು ಉಕ್ಕಿ ಬಂತು.

“ಈ ಪತ್ರಕ್ಕೆ ನನ್ನ ಹೆಸರೂ ಹಾಕು,” ಅಂದ.

“ಮರ್ಯಾದೆ ಬರೋ ಹಾಗಿದ್ದಾಗ ನಾನು ಹಾಕಲಿಲ್ಲ. ಈಗ ಮಾನ ಹೋಗೋವಾಗ ಯಾಕೆ?”

“ತಪ್ಪಲ್ಲಿ ಅರ್ಧ ನಂದು. ಮತ್ತೆ... ನಿನ್ನ ಬಿಟ್ಟು ಇರಕ್ಕಾಗಲ್ಲ ಕಣೇ.”

ಹೆಸರು ಹಾಕಿದರೆ ಅವನ ಕೆಲಸವೂ ಹೋದಂತೆಯೇ. ಅದು ಇಬ್ಬರಿಗೂ ಗೊತ್ತಿತ್ತು. ಬೇಡ ಅನ್ನಬಹುದಿತ್ತು. ಅವಳು ಅನ್ನಲಿಲ್ಲ. ಹೆಸರು ಟೈಪ್ ಮಾಡಿದಳು, ಕಳಿಸಿಬಿಟ್ಟಳು.

“ಕ್ಷಮಿಸಿದೀನಿ ಅಂದ್ಕೋಬೇಡ.”

“ಇಲ್ಲ.”

“ನಾಳೆಯಿಂದ ಇಬ್ರಿಗೂ ಕೆಲಸ ಇಲ್ಲ.”

“ಹ್ಞೂಂ.”

“ಮತ್ಯಾಕೆ ಅಲ್ಲೇ ನಿಂತಿದ್ದೀಯ? ಒಳಗೆ ಬಾ...”