ಚಿಗವ್ವ ಬಿಗಿದ ಪಟ್ಟಿ

“ಬಿಡ ಆ ಪಟ್ಟಿ! ಕೂಸಿಗೆ ಉಸಿರಾಡಾಕರ ಬಿಡತೀಯೋ ಇಲ್ಲೋ?”

ಶಿವಬಸವ್ವನ ದನಿಗೆ ಕಾಳಿ ನದಿಯ ದಂಡೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎಂಟು ವರ್ಷದ ಮುಕ್ತಾ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಮುಖ ಹಿಂಡಿಕೊಂಡು ನಿಂತಿದ್ದಳು. ಅವಳೆದುರು ಮೊಣಕಾಲೂರಿ ಕುಳಿತಿದ್ದ ದಾಕ್ಷಾಯಿಣಿ ಜಾಕೆಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ಬಿಗಿಯುತ್ತಿದ್ದಳು. ಬೈಗುಳಕ್ಕೆ ಅವಳು ತಲೆ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

ದಾಕ್ಷಾಯಿಣಿ ಮುಕ್ತಾಳ ಮಲತಾಯಿ, ಕೂಸಿನ ಬಾಯಲ್ಲಿ ಚಿಗವ್ವ. ಶಿವಬಸವ್ವನ ಮಗಳು ವಾಣಿಶ್ರೀ ಜ್ವರ ಬಂದು ತೀರಿಕೊಂಡಾಗ ಮುಕ್ತಾ ಇನ್ನೂ ತೊದಲು ಮಾತಿನ ಕೂಸು. ಅಳಿಯ ಬಸವಪ್ರಭು ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ತಾಯಿಯಿಲ್ಲದ ಕೂಸನ್ನು ಕಟ್ಟಿಕೊಂಡು ಎಷ್ಟು ದಿನ ಒದ್ದಾಡಿಯಾನು! ಮರುಮದುವೆಗೆ ಶಿವಬಸವ್ವ ಅಡ್ಡ ಬರಲಿಲ್ಲ. ಧಾರವಾಡದ ಕೆಲಗೇರಿಯಲ್ಲಿ ಎಮ್ಮೆ ಕಟ್ಟಿ, ಹಾಲು ಮಾರಿ, ನಾಲ್ಕು ಮಕ್ಕಳನ್ನು ದಡ ಮುಟ್ಟಿಸಿದ ಹೆಂಗಸು ಆಕೆ. ಲೋಕ ಹೇಗೆ ನಡೆಯುತ್ತದೆಂದು ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಕರುಳು ಒಪ್ಪುವುದು ಬೇರೆ… ತನ್ನ ಮಗಳ ಜಾಗದಲ್ಲಿ ಕುಳಿತವಳ ಮೇಲೆ ಆಕೆ ಒಂದು ಕಣ್ಣು ಇಟ್ಟೇ ಇದ್ದಳು. ಆ ಕಣ್ಣಿಗೆ ಕಂಡದ್ದಾದರೂ ಏನು? ಸೈಕಲ್ ಹತ್ತಿದರೆ ತಲೆಗೆ ಹೆಲ್ಮೆಟ್. ಕಾರು ಹತ್ತಿದರೆ ಸೊಂಟಕ್ಕೆ ಬೆಲ್ಟು. ಮಾಳಿಗೆ ಹತ್ತಬೇಡ, ಕೆರೆಯ ದಂಡೆಗೆ ಒಬ್ಬಳೇ ಹೋಗಬೇಡ. ಒಂದು ದಿನವಾದರೂ “ಹೋಗ್ಲಿ ಬಿಡು, ಆಡಲಿ” ಎಂದದ್ದು ಕೇಳಿರಲಿಲ್ಲ. ಹೆತ್ತ ಕರುಳಾಗಿದ್ದರೆ ಹೀಗೆ ಕಟ್ಟಿಹಾಕುತ್ತಿತ್ತೇ!

ಅಂದು ಬೆಳಗ್ಗೆ ರಜೆಯ ಪ್ರವಾಸಕ್ಕೆಂದು ಬೆಂಗೇರಿಯ ಮನೆಯಿಂದ ಹೊರಟ ಗಂಡ ಹೆಂಡತಿ ಮುಕ್ತಾಳೊಡನೆ ಕೆಲಗೇರಿಗೆ ಬಂದು ಆಕೆಯನ್ನೂ ಕಾರಿಗೆ ಹತ್ತಿಸಿಕೊಂಡಿದ್ದರು. ಹಳಿಯಾಳ ದಾಟುವುದರೊಳಗೆ ಶಿವಬಸವ್ವ ಮನಸ್ಸಿನಲ್ಲಿದ್ದದ್ದನ್ನು ಆಡಿಯೇ ಬಿಟ್ಟಿದ್ದಳು. “ನೋಡ್ರಿ ಬಸವಪ್ರಭು, ಸಾಲಿ ಸುರು ಆಗೂದ್ರಾಗ ಮುಕ್ತಾನ್ನ ನಾ ಕರಕೊಂಡು ಹೋಗತೇನಿ. ಅಲ್ಲೇ ಧಾರವಾಡದಾಗ ಓದ್ಲಿ. ತಾಯಿಲ್ಲದ ಕೂಸು ನಕ್ಕೋತ ಬೆಳೀಬೇಕು.” ಬಸವಪ್ರಭು “ನೋಡೋಣ್ರಿ” ಅಂದು ಗೇರ್ ಬದಲಿಸಿದ. ದಾಕ್ಷಾಯಿಣಿ ಕಿಟಕಿಯ ಗಾಜು ಏರಿಸಿದಳು. ಅವಳ ತೋಳಿಗೆ ಒರಗಿ, ಬೆಲ್ಟು ಹಾಕಿಕೊಂಡೇ ಮುಕ್ತಾ ನಿದ್ದೆ ಹೋಗಿದ್ದಳು.

ಈಗ ಜಗಳ ಹತ್ತಿದ್ದು ಇಷ್ಟಲಿಂಗವಿಡುವ ಕರಡಿಗೆಯ ಸಲುವಾಗಿ. ದಿನಾ ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಮುಕ್ತಾಳ ಲಿಂಗವನ್ನು, ಊರು ಬಿಟ್ಟು ಹೊರಟ ಕೂಸೆಂದು, ಶಿವಬಸವ್ವ ಬೆಳಗ್ಗೆ ತಾನೇ ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರ ಕಟ್ಟಿದ್ದಳು. ವಾಣಿಶ್ರೀಯ ಸೊಂಟದ ಡಾಬು ಕರಗಿಸಿ ಮಾಡಿಸಿದ ಕರಡಿಗೆ ಅದು. ಕೂಸಿನ ಎದೆಗೆ ಹೆಚ್ಚೇ ದೊಡ್ಡದು. ಜಾಕೆಟ್ಟಿನ ಒಳಗೆ ಅದು ಎದೆಗೆ ಒತ್ತುತ್ತಿತ್ತು, ಅದರ ಮೇಲೆ ಪಟ್ಟಿ ಸರಿಯಾಗಿ ಕೂಡುತ್ತಿರಲಿಲ್ಲ.

ರಬ್ಬರ್ ದೋಣಿ ನಡೆಸುವ ಮೈಲಾರಪ್ಪ ಬಂದು ನೋಡಿ, “ಎದಿ ಮ್ಯಾಲ ಗಟ್ಟಿ ಸಾಮಾನು ಬ್ಯಾಡ್ರಿ ಅಕ್ಕಾರ, ತಗದ ಬಿಡ್ರಿ” ಅಂದ.

“ಲಿಂಗಾ ತಗಿ ಅಂತೀಯೇನೋ ತಮ್ಮಾ?” ಶಿವಬಸವ್ವನ ಕಣ್ಣು ಕೆಂಪಾಯಿತು.

“ಮೈಮ್ಯಾಲಿಂದ ತಗಿಯೂದು ಬ್ಯಾಡ್ರಿ ಅವ್ವಾರ,” ದಾಕ್ಷಾಯಿಣಿ ಮೆಲ್ಲಗೆ ಹೇಳಿದಳು. “ಅರಿವ್ಯಾಗ ಸುತ್ತಿ ತೋಳಿಗೆ ಕಟ್ಟೋಣ್ರಿ. ನಮ್ಮಪ್ಪ ಹೊಲಕ್ಕ ಹೋಗೂ ಮುಂದ ಹಂಗ ಕಟ್ಕೋತಿದ್ದ. ಕರಡಿಗಿ ಅಷ್ಟ ನಿಮ್ಮ ಹಂತ್ಯಾಕ ಇರಲಿ.”

“ಗೊತ್ತೈತಿ ಬಿಡ! ನನ್ನ ಮಗಳ ಬೆಳ್ಳಿ ಕಂಡ್ರ ನಿನ್ನ ಕಣ್ಣಾಗ ಖಾರ ಬಿದ್ದಂಗ ಆಗತೈತಿ!”

ದಂಡೆಯಲ್ಲಿ ಯಾರೋ ಕೆಮ್ಮಿದರು. ದಾಕ್ಷಾಯಿಣಿ ಕರಡಿಗೆಯ ಕೆಳಗೆ ಮೇಲೆ ಜಾಗ ಮಾಡಿ ಪಟ್ಟಿಗಳನ್ನು ಮತ್ತೊಮ್ಮೆ ಬಿಗಿದು, ತನ್ನ ಜಾಕೆಟ್ ತೊಡಲು ಹೋದಳು. ಅಷ್ಟೇ ಹೊತ್ತು ಸಾಕಾಯಿತು. ಶಿವಬಸವ್ವ ಮೊಮ್ಮಗಳನ್ನು ಮರದ ಮರೆಗೆ ಕರೆದು, ಎಮ್ಮೆಯ ಕಣ್ಣಿಹಗ್ಗ ಬಿಚ್ಚಿ ಪಳಗಿದ ಬೆರಳುಗಳಿಂದ ಪಟ್ಟಿಗಳನ್ನೆಲ್ಲ ಸಡಿಲ ಮಾಡಿಬಿಟ್ಟಳು.

“ಆಯೀ, ಚಿಗವ್ವ ಬೈತಾಳ…”

“ಬೈಲಿ. ನಾ ಅದೇನಿ.”

ಮುಕ್ತಾ ಉಸಿರು ಬಿಟ್ಟು ನಕ್ಕಳು. “ಈಗ ಛಲೋ ಆತು ನೋಡು!” ಆ ನಗು ಕಂಡು ಅಜ್ಜಿಯ ಕರುಳು ತಂಪಾಯಿತು. ಕೂಸು ನಗಲೆಂದಲ್ಲವೇ ಇಷ್ಟು ದೂರ ಬಂದದ್ದು!

ದೋಣಿ ಹೊರಟಿತು. ಬೆನ್ನುನೋವಿನ ಬಸವಪ್ರಭು ದೋಣಿ ಹತ್ತದೆ, ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು, ದೋಣಿ ಬಂದು ನಿಲ್ಲುವ ಕೆಳಗಿನ ದಂಡೆಗೆ ಬಂದ. ಅಲ್ಲಿಂದ ಮೇಲಿನ ತಿರುವು ಕಾಣುತ್ತಿರಲಿಲ್ಲ. ಕಲ್ಲುಗಳ ನಡುವೆ ನೀರು ಮೊರೆಯುವ ಸದ್ದು ಮಾತ್ರ ಕೇಳುತ್ತಿತ್ತು. ಶಿವಬಸವ್ವ ನೆರಳಿಗೆ ಕುಳಿತು, ಮೊಮ್ಮಗಳು ಬಂದ ಕೂಡಲೇ ಕೊಡಲೆಂದು ಕಟ್ಟಿ ತಂದಿದ್ದ ಸೇಂಗಾದ ಉಂಡಿ ಬಿಚ್ಚಿದಳು. ಅಷ್ಟರಲ್ಲಿ ಮೇಲಿನಿಂದ ಸೀಟಿ ಕೂಗಿತು. ಒಂದಲ್ಲ, ಮೇಲಿಂದ ಮೇಲೆ… ಆಮೇಲೆ ಜನರ ಚೀರಾಟ!

ಬಸವಪ್ರಭು ಎದ್ದು ನಿಂತ. ತಿರುವಿನಿಂದ ಏನೋ ತೇಲಿ ಬಂತು. ಕಿತ್ತಳೆ ಬಣ್ಣ. ಹತ್ತಿರ ಬಂದಂತೆ ಸ್ಪಷ್ಟವಾಯಿತು… ಅದು ಜಾಕೆಟ್. ಬರೀ ಜಾಕೆಟ್! ಒಳಗೆ ಯಾರೂ ಇಲ್ಲ! ಸಡಿಲ ಪಟ್ಟಿಗಳು ನೀರಿನಲ್ಲಿ ಬಳುಕುತ್ತ, ಅದು ಶಿವಬಸವ್ವನ ಕಣ್ಣೆದುರೇ ಸುತ್ತು ತಿರುಗಿ ಮುಂದೆ ಸಾಗಿತು.

ಆಕೆಯ ಕೈಯಲ್ಲಿದ್ದ ಉಂಡಿಗಳು ಮಣ್ಣಿಗೆ ಬಿದ್ದವು. ಆ ಪಟ್ಟಿಗಳನ್ನು ಸಡಿಲಿಸಿದ ಬೆರಳುಗಳು ಇವೇ ಅಲ್ಲವೇ… ಇವೇ! “ಮುಕ್ತಾ!” ಎಂದು ಚೀರಿ ಉಟ್ಟ ಸೀರೆಯಲ್ಲೇ ನೀರಿಗೆ ನುಗ್ಗಿದಳು. ಬಸವಪ್ರಭು ಓಡಿಬಂದು ತೋಳು ಹಿಡಿದು ಎಳೆಯದಿದ್ದರೆ ಆಕೆಯೂ ಹೋಗುತ್ತಿದ್ದಳೇನೋ. ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: “ಸಡ್ಲ… ಸಡ್ಲ…” ಅವನಿಗೆ ಅದರ ಅರ್ಥವಾಗಲಿಲ್ಲ. ಶಿವಬಸವ್ವ ಜೀವಮಾನದಲ್ಲಿ ದೇವರಿಗೆ ಬಹಳ ಬೇಡಿಕೊಂಡವಳಲ್ಲ, ದುಡಿಯುವವರಿಗೆ ಅಷ್ಟು ಪುರುಸೊತ್ತು ಎಲ್ಲಿ! ಈಗ ಕೆಸರಿನಲ್ಲಿ ಕುಸಿದು ಬೇಡಿಕೊಂಡಳು. ಯಪ್ಪಾ ಶಿವನೇ, ಮಗಳನ್ನ ಒಯ್ದಿ, ಸುಮ್ಮನ ಕೊಟ್ನಿ… ಇಕಿನ್ನ ಬಿಟ್ಟು ಕೊಡು. ನನ್ನ ಒಯ್ಯಿ!

ತಿರುವಿನಿಂದ ದೋಣಿ ಬಂತು. ದೋಣಿಯೊಳಗೆ ತೊಯ್ದು ತೊಪ್ಪೆಯಾದ ದಾಕ್ಷಾಯಿಣಿ. ಅವಳ ತೋಳಿನಲ್ಲಿ, ಗದ್ದದವರೆಗೆ ಬಿಗಿದ ಜಾಕೆಟ್ಟಿನೊಳಗೆ ಗಡಗಡ ನಡುಗುತ್ತ… ಮುಕ್ತಾ!

“ಆಯೀ, ನಾ ನೀರಾಗ ಬಿದ್ದಿದ್ನಿ!”

ಶಿವಬಸವ್ವ ಕೂಸಿನ ಮುಖ, ಕೈ, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಮೈಲಾರಪ್ಪ ನಡೆದದ್ದು ಹೇಳಿದ. ದೋಣಿ ಕಲ್ಲಿಗೆ ಬಡಿದು ಒಂದು ಕಡೆ ಎದ್ದಾಗ ಮುಕ್ತಾ ಮತ್ತು ಪಕ್ಕದಲ್ಲಿದ್ದ ದಪ್ಪನೆಯ ಸಾಹುಕಾರರು ಇಬ್ಬರೂ ನೀರಿಗೆ ಬಿದ್ದಿದ್ದರು. ಸಾಹುಕಾರರು ಹೊಟ್ಟೆಗೆ ಬಿಗಿಯಾಗುತ್ತದೆಂದು ಕದ್ದು ಬಕಲ್ ಬಿಚ್ಚಿಕೊಂಡಿದ್ದರು. ಅವರ ಜಾಕೆಟ್ ತಲೆಯ ಮೇಲಿಂದ ಕಳಚಿ ಹೋಯಿತು. ದೋಣಿಯ ಹಗ್ಗ ಸಿಕ್ಕದ್ದಕ್ಕೆ ಬದುಕಿದರು. “ಕೂಸು ಮಾತ್ರ ಬೆಂಡಿನಂಗ ಮ್ಯಾಲ ಬಂತ್ರಿ. ಹೇಳಿಕೊಟ್ಟಂಗ ಕಾಲು ಮುಂದ ಮಾಡಿ ಅಂಗಾತ ಮಲಗಿತ್ತು. ಈ ಅಕ್ಕಾರು ಬಗ್ಗಿ, ಜಾಕೆಟಿನ ಹೆಗಲಿಗೆ ಕೈ ಹಾಕಿ ಎಳಕೊಂಡ್ರು. ಪಟ್ಟಿ ಬಿಗಿ ಇದ್ದದ್ದಕ್ಕ ಕೈಗೆ ಕೂಸು ಬಂತು, ಇಲ್ಲಾಂದ್ರ ಬರೇ ಜಾಕೆಟ್ ಬರ್ತಿತ್ತು.”

“ಬಿಗಿ?” ಶಿವಬಸವ್ವ ತಡವರಿಸಿದಳು.

“ದೋಣ್ಯಾಗ ಕುಂತ ಮ್ಯಾಲ ಚಿಗವ್ವ ಮತ್ತ ಎಳದು ನೋಡಿದ್ಲು,” ಮುಕ್ತಾ ಹಲ್ಲು ಕಟಕಟಿಸುತ್ತ ಹೇಳಿದಳು. “ಜಾಕೆಟ್ ಕಿವೀತನಾ ಬಂತು! ಆಕಿ ದೋಣಿ ನಿಲ್ಲಿಸ್ರಿ ಅಂದ್ಲು. ಎಲ್ಲಾರೂ ಬೈದ್ರು. ಆದ್ರೂ ನಿಲ್ಲಿಸಿ ಕಟ್ಟಿದ್ಲು.”

ಬಸವಪ್ರಭುವಿನ ಹೆದರಿಕೆಯೆಲ್ಲ ಸಿಟ್ಟಾಗಿ ಹೆಂಡತಿಯತ್ತ ತಿರುಗಿತು. “ಸಡ್ಲ ಇತ್ತಾ? ದಂಡಿ ಮ್ಯಾಗ ಅಷ್ಟೊತ್ತು ಏನ ಕಟ್ಟಿದಿ ನೀ? ಯಾರ ಸಡ್ಲ ಮಾಡಿದ್ರು?”

ಹೇಳಲೆಂದು ಮುಕ್ತಾ ಬಾಯಿ ತೆರೆದಳು. ದಾಕ್ಷಾಯಿಣಿ ಅವಳ ಅಂಗೈಯನ್ನು ಮೆಲ್ಲಗೆ ಒತ್ತಿದಳು. “ಯಾರೂ ಇಲ್ರಿ. ನಂದ ತಪ್ಪು. ಮೊದಲ ಸಲ ಸರೀಗೆ ಬಿಗಿದಿರಲಿಲ್ಲ.”

“ಅತ್ತಿ ಹೇಳಿದ್ದ ಖರೇ ಹಂಗಾರ! ನಿನ್ನ ಕಡೆ ಕೂಸು ಬಿಡೂದು ಸಾಕು. ಮುಕ್ತಾ ಕೆಲಗೇರ್ಯಾಗ ಇರಲಿ!”

ಬೆಳಗಿನಿಂದ ಶಿವಬಸವ್ವ ಬೇಡಿದ ಮಾತು ಅದು! ಸುಮ್ಮನಿದ್ದರೆ ಸಾಕಿತ್ತು, ಕೂಸು ಆಕೆಯದಾಗುತ್ತಿತ್ತು. ಆಕೆ ದಾಕ್ಷಾಯಿಣಿಯನ್ನು ನೋಡಿದಳು. ಬಂಡೆಗೆ ತರಚಿದ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಅದನ್ನು ಅವಳು ನೋಡಿಕೊಂಡೂ ಇರಲಿಲ್ಲ. ಮುಕ್ತಾಳ ತೋಳಿಗೆ ದುಪಟ್ಟಾದಿಂದ ಹರಿದ ಅರಿವೆ ಸುತ್ತಿತ್ತು, ಒಳಗೆ ಲಿಂಗ. ಕರಡಿಗೆ? ದಾಕ್ಷಾಯಿಣಿ ಸೊಂಟದ ಚೀಲದಿಂದ ಅದನ್ನು ತೆಗೆದು ಆಕೆಯ ಮುಂದೆ ಹಿಡಿದಳು. “ನೀರಿಗೆ ಹೋಗಬಾರದಂತ ನನ್ನ ಕಡೆ ಇಟ್ಕೊಂಡಿದ್ನಿರಿ ಅವ್ವಾರ. ನಿಮ್ಮ ಮಗಳ ಬೆಳ್ಳಿ… ನೋಡ್ರಿ, ಏನೂ ಆಗಿಲ್ಲ.”

ಶಿವಬಸವ್ವನ ಎದೆ ಒಡೆಯಿತು.

“ಬಸವಪ್ರಭು! ಆಕಿನ್ನ ಒಂದ ಮಾತು ಅಂದ್ರ ನನ್ನಾಣಿ! ಸಡ್ಲ ಮಾಡಿದಾಕಿ ನಾನು… ನಾನ್ರೀ! ಗಿಡದ ಮರಿಗೆ ಕರದು, ಈ ಕೈಯಾಗ!” ಎರಡೂ ಕೈಗಳನ್ನು ಮುಂದೆ ಚಾಚಿ ಹಿಡಿದಳು. “ಕೂಸು ನಕ್ರ ಪ್ರೀತಿ ಅಂತ ತಿಳಿದಿದ್ನಿ. ಕೂಸಿನ ಕಡೆಯಿಂದ ಬೈಸ್ಕೊಂಡು, ನನ್ನ ಕಡೆಯಿಂದ ಬೈಸ್ಕೊಂಡು, ಇಷ್ಟ ಮಂದಿ ಮುಂದ ಬೈಸ್ಕೊಂಡು ಪಟ್ಟಿ ಬಿಗೀತಾಳಲ್ಲ, ಅದ್ಯಾವ ಪ್ರೀತಿರಿ? ನನ್ನ ವಾಣಿಶ್ರೀ ಇದ್ದಿದ್ರ ಇಕಿಗಿಂತ ಹೆಚ್ಚು ಏನ ಮಾಡ್ತಿದ್ಲು? ನೀರಿಗೆ ನಾ ಕೊಟ್ಟಿದ್ನಿ, ಇಕಿ ಕಸಕೊಂಡು ಬಂದಾಳ!”

ಬಸವಪ್ರಭು ತಲೆ ತಗ್ಗಿಸಿದ. ಸಾಹುಕಾರರು ಟವೆಲಿನಲ್ಲಿ ಮುಖ ಒರೆಸಿಕೊಂಡರು, ಒರೆಸಿದ್ದು ನದಿಯ ನೀರೋ ಕಣ್ಣೀರೋ. ದಾಕ್ಷಾಯಿಣಿ ಬಗ್ಗಿ, ಕೆಸರಿನಲ್ಲೇ ಕುಳಿತಿದ್ದ ಶಿವಬಸವ್ವನನ್ನು ಎಬ್ಬಿಸಿದಳು. “ಸಾಕ್ರಿ ಅವ್ವಾರ… ನೀವೂ ಆಕಿ ಸುಖಕ್ಕನ ಮಾಡಿದ್ರಿ.”

“ಇನ್ನ ಅವ್ವಾರ ಗಿವ್ವಾರ ಬ್ಯಾಡ. ‘ಯವ್ವಾ’ ಅನ್ನು. ಒಬ್ಬಾಕಿ ಹೋಗಿದ್ಲು, ಒಬ್ಬಾಕಿ ಬಂದಿ.”

ಮರುದಿನ ಬೆಳಗ್ಗೆ, ಅವರು ರಾತ್ರಿ ಉಳಿದುಕೊಂಡಿದ್ದ ವಸತಿಯ ಎದುರು ಅಣೆಕಟ್ಟಿನ ಹಿನ್ನೀರು ಕನ್ನಡಿಯಂತೆ ನಿಂತಿತ್ತು. ಸಪ್ಪಗೆ ಕುಳಿತಿದ್ದ ಮುಕ್ತಾ ತನಗಿನ್ನು ನೀರೇ ಬೇಡ ಅಂದಳು. ಹೆದರಿಕೆ ಕೂಸಿನ ಮನಸ್ಸಿನಲ್ಲಿ ಬೇರು ಬಿಡುವ ಮುನ್ನ ಕಿತ್ತುಹಾಕಬೇಕೆಂದು ಶಿವಬಸವ್ವನಿಗೆ ಗೊತ್ತಿತ್ತು. ಒದೆಸಿಕೊಂಡ ಮರುದಿನವೇ ಆಕೆ ಎಷ್ಟು ಸಲ ಅದೇ ಎಮ್ಮೆಯ ಕೆಳಗೆ ಹಾಲು ಹಿಂಡಲು ಕುಳಿತಿಲ್ಲ! ಆಕೆ ಸೆರಗು ಸೊಂಟಕ್ಕೆ ಸಿಗಿಸಿ, ದಂಡೆಯಲ್ಲಿದ್ದ ಸಣ್ಣ ಹರಗೋಲಿನ ಹತ್ತಿರ ಹೋಗಿ ನಿಂತಳು.

“ಹೆದರೂದ್ಯಾಕ? ನಾನೂ ಬರ್ತೇನಿ. ಏ ದಾಕ್ಷಾಯಿಣಿ, ತಾ ಇಲ್ಲೆ ಆ ಜಾಕೆಟ್.”

“ನೀವಾ?” “ಆಯೀ, ನೀನಾ?” ತಾಯಿ ಮಗಳು ಒಟ್ಟಿಗೇ ಕೂಗಿದರು.

ಇಳಕಲ್ ಸೀರೆಯ ಮೇಲೆ ಕಿತ್ತಳೆ ಜಾಕೆಟ್ ತೊಟ್ಟು ಶಿವಬಸವ್ವ ಎರಡೂ ಕೈ ಮೇಲೆತ್ತಿ ನಿಂತಳು. ದಾಕ್ಷಾಯಿಣಿ ಅಳುಕುತ್ತ ಅಳುಕುತ್ತ ಪಟ್ಟಿ ಎಳೆದಳು.

“ಬಿಗಿ ಕಟ್ಟವ್ವಾ. ಇನ್ನೂ ಬಿಗಿ.”

“ಎದಿಗೆ ಒತ್ತತೈತೇನ್ರಿ ಯವ್ವಾ?”

“ಒತ್ತಲಿ,” ಅಂದಳು ಶಿವಬಸವ್ವ. ಕಣ್ಣು ತುಂಬಿ ಬಂದಿತ್ತು. “ಒತ್ತಲಿ ಬಿಡು…”

ಮುಕ್ತಾ ಕಲ್ಲಿನ ಮೇಲೆ ಹತ್ತಿ ನಿಂತು, ಚಿಗವ್ವ ಮಾಡಿದಂತೆಯೇ ಅಜ್ಜಿಯ ಜಾಕೆಟ್ಟಿನ ಎರಡೂ ಹೆಗಲು ಹಿಡಿದು ಮೇಲಕ್ಕೆ ಜಗ್ಗಿದಳು. ಜಾಕೆಟ್ ಅಲುಗಲಿಲ್ಲ.

“ಚಿಗವ್ವಾ, ಆಯಿದು ಪಾಸ್!” ಎಂದು ಕೂಗಿ, ಹರಗೋಲಿಗೆ ಎಲ್ಲರಿಗಿಂತ ಮೊದಲು ತಾನೇ ಹತ್ತಿ ಕುಳಿತಳು.