ಹಿಲ್ಡಮ್ಮ ಬರೆದುಕೊಂಡ ಸಾಲು

ಬೆಳಗಾದರೂ ಕರು ಏಳಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಕತ್ತು ಚಾಚಿಕೊಂಡು ಮಲಗಿತ್ತು. ರಾತ್ರಿಯೆಲ್ಲ ಭೇದಿಯಾಗಿ ಬಾಲ ಒದ್ದೆಯಾಗಿತ್ತು.

ಅಕ್ಕಯಮ್ಮಜ್ಜಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಕರುವಿಗೆ ಮೂರು ಸುತ್ತು ನಿವಾಳಿಸಿದಳು. ಆಮೇಲೆ ಅದನ್ನು ಕೆಂಡಕ್ಕೆ ಹಾಕಿದಳು. ಉಪ್ಪು ಚಟಪಟ ಸಿಡಿಯಿತು.

"ಮೆಣಸಿನಕಾಯಿ ಘಾಟೇ ಬರ್ಲಿಲ್ಲ ನೋಡು," ಎಂದಳು ಅಜ್ಜಿ. "ದೃಷ್ಟಿನೇ ಕಣೆ ಇದು. ನೆನ್ನೆ ಆ ದೊರೆಸಾನಿ ನಿಂತ್ಕಂಡು ದಪ್ಪ, ಚೆಂದ ಅಂತ ಬಾಯ್ತುಂಬ ಹೇಳುದ್ಲಲ್ಲ. ಇನ್ಮೇಲೆ ಔಳ್ನ ಇಲ್ಲಿಗೆ ಕರ್ಕಂಡು ಬರ್ಬ್ಯಾಡ."

ಮೊಮ್ಮಗಳು ಅಂಜನಿ ಹಾಲಿನ ಚೊಂಬು ಎತ್ತಿಕೊಂಡಳು. ಆ ಮಾತನ್ನು ದೊರೆಸಾನಿಗೆ ಕಲಿಸಿದ್ದು ಅವಳೇ. ಅದಲ್ಲದೆ ಇನ್ನೊಂದು ಸಂಗತಿಯೂ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಯಡಿಯೂರಿನ ಹೊಲದ ಬದು ದಾಟಿದರೆ ಜಯನಗರದ ಹೊಸ ಮನೆಗಳು. ಅಲ್ಲೊಂದು ಮನೆಯಲ್ಲಿ ಆ ದೊರೆಸಾನಿ, ಹಿಲ್ಡಮ್ಮ, ಇದ್ದಳು. ಅವಳ ಗಂಡ ಜರ್ಮನಿಯಿಂದ ಬಂದ ಇಂಜಿನಿಯರ್. ಯಾವುದೋ ಫ್ಯಾಕ್ಟರಿಗೆ ಮೆಷಿನ್ ಕೂರಿಸಲು ಬಂದವನು, ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಅಲ್ಲಿಯವರೆಗೂ ಹಿಲ್ಡಮ್ಮ ಒಬ್ಬಳೇ.

ಅಂಜನಿ ದಿನಾ ಬೆಳಿಗ್ಗೆ ಸ್ಕೂಲಿಗೆ ಮುಂಚೆ ಆ ಮನೆಗೆ ಹಾಲು ಕೊಡುತ್ತಿದ್ದಳು. ಹಿಲ್ಡಮ್ಮ ಬಾಗಿಲು ತೋರಿಸಿದರೆ ಅಂಜನಿ "ಬಾಗಿಲು" ಎನ್ನುವಳು. ಹಿಲ್ಡಮ್ಮ ತನ್ನ ಭಾಷೆಯ ಅಕ್ಷರದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಳು. ಹಾಲು, ಚೊಂಬು, ಕಾಗೆ, ಸೊಳ್ಳೆ ಎಲ್ಲ ಹೀಗೇ ಒಂದೊಂದಾಗಿ ಆ ನೋಟ್‌ಬುಕ್ಕಿಗೆ ಬಂದವು. ಜ್ವರ ಬಂದಿದ್ದಾಗ "ಹುಷಾರಿಲ್ಲ" ಎನ್ನುವುದನ್ನೂ ಕಲಿತಳು.

ಒಂದು ದಿನ ಅವಳು ಉಪ್ಪು ತರಲು ತಾನೇ ಅಂಗಡಿಗೆ ಹೋಗಿದ್ದಳು. ಅವಳ ಮಾತು ಕೇಳಿ ಅಂಗಡಿಯಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಬೀದಿಯ ಮಕ್ಕಳೂ ಸುತ್ತ ನಿಂತು ನೋಡಿದರು. ಅವಳು ಉಪ್ಪು ತೆಗೆದುಕೊಳ್ಳದೆ ಬರಿಗೈಯಲ್ಲಿ ವಾಪಸು ಬಂದಳು. ಅಂಜನಿಗೆ ಇದನ್ನು ಹೇಳುವಾಗ ನಗುತ್ತಲೇ ಹೇಳಿದಳು. ಆದರೆ ಕಿವಿ ಕೆಂಪಾಗಿತ್ತು.

ನೆನ್ನೆ ಸಂಜೆ ಅವಳು ಮೊದಲ ಸಲ ಅಂಜನಿಯ ಮನೆಗೆ ಕರು ನೋಡಲು ಬಂದಿದ್ದಳು. ದಾರಿಯುದ್ದಕ್ಕೂ ಅಂಜನಿ ಅವಳಿಗೆ ಹೊಸ ಸಾಲೊಂದನ್ನು ಹೇಳಿಕೊಟ್ಟಿದ್ದಳು. ಹಿಲ್ಡಮ್ಮ ಕೊಟ್ಟಿಗೆಯ ಮುಂದೆ ನಿಂತು, ಪರೀಕ್ಷೆಯಲ್ಲಿ ಉತ್ತರ ಹೇಳುವ ಹಾಗೆ, "ಕರು ತುಂಬಾ ದಪ್ಪ. ತುಂಬಾ ಚೆಂದ," ಎಂದಳು. ಅಜ್ಜಿ ಮುಖ ಗಂಟು ಹಾಕಿಕೊಂಡು ಒಳಗೆ ಹೋದಳು.

ಅಜ್ಜಿ ಒಳಗೆ ಹೋದದ್ದೇ ತಡ, ಅಂಜನಿ ಕರುವಿನ ಹಗ್ಗ ಬಿಚ್ಚಿದಳು. ಅದು ತಾಯಿಯ ಹತ್ತಿರ ಹೇಗೆ ಓಡುತ್ತದೆಂದು ತೋರಿಸಬೇಕಿತ್ತು. ಕರು ನಾಲ್ಕೂ ಮೊಲೆ ಚೀಪಿ, ಬಾಯಲ್ಲಿ ನೊರೆ ಬರುವಷ್ಟು ಕುಡಿಯಿತು. ಹಿಲ್ಡಮ್ಮ ಚಪ್ಪಾಳೆ ತಟ್ಟಿದಳು. ಅಂಜನಿಗೆ ಅದನ್ನು ಬಿಡಿಸಲು ಮನಸ್ಸೇ ಬರಲಿಲ್ಲ.

ಅಷ್ಟು ಹಾಲು ಕುಡಿದರೆ ಎಳೆಗರುವಿಗೆ ಭೇದಿಯಾಗುತ್ತದೆ. ಅದು ಅಂಜನಿಗೆ ಗೊತ್ತಿತ್ತು.

ಈ ಬೆಳಿಗ್ಗೆ ಅವಳು ಹಿಲ್ಡಮ್ಮನ ಬಾಗಿಲಲ್ಲಿ ಹಾಲಿಟ್ಟು, "ಕರುಗೆ ಹುಷಾರಿಲ್ಲ," ಎಂದಷ್ಟೇ ಹೇಳಿ ಓಡಿದಳು. ಸ್ಕೂಲಿನಲ್ಲಿ ಏಳರ ಮಗ್ಗಿ ಮಧ್ಯದಲ್ಲಿ ಮರೆತುಹೋಯಿತು. ಅಜ್ಜಿ ಹೊಡೆಯುವವಳಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತಾಳೆ. ಅದು ಹೊಡೆತಕ್ಕಿಂತ ಕಷ್ಟ.

ಸಂಜೆ ಓಡಿ ಬಂದು ನೋಡಿದರೆ, ಅಜ್ಜಿ ಕರುವನ್ನು ಎತ್ತಿ ನಿಲ್ಲಿಸಿ ಕೆಚ್ಚಲಿನ ಹತ್ತಿರ ಹಿಡಿದುಕೊಂಡಿದ್ದಳು. ಕರುವಿನ ಕಾಲು ನಡುಗುತ್ತಿತ್ತು.

"ದೃಷ್ಟಿ ತಾಕಿ ಸೊರಗೋಗದೆ ಪಾಪ. ಇನ್ನೊಂಚೂರು ಹಾಲು ಕುಡೀಲಿ," ಎಂದಳು ಅಜ್ಜಿ.

ಅಂಜನಿ ಬೇಡ ಎನ್ನಲು ಬಾಯಿ ತೆರೆದಳು. ಅಜ್ಜಿಯ ಮುಖ ನೋಡಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಬೇಲಿಯ ಬಾಗಿಲು ಸದ್ದಾಯಿತು. ಹಿಲ್ಡಮ್ಮ ಬಂದಿದ್ದಳು. ಕೈಯಲ್ಲಿ ನೋಟ್‌ಬುಕ್ಕು. ಅಜ್ಜಿ ಅವಳ ಕಡೆ ನೋಡಲೂ ಇಲ್ಲ. "ಇವತ್ತು ಬ್ಯಾಡ, ಹೋಗು ಅಂತ ಹೇಳು," ಎಂದು ಅಂಜನಿಗೆ ಕೊಟ್ಟಿಗೆಯಿಂದಲೇ ಹೇಳಿದಳು.

ಹಿಲ್ಡಮ್ಮ ಅಲ್ಲೇ ನಿಂತಳು. ಅಜ್ಜಿಯ ಬೆನ್ನು ನೋಡಿದಳು. ಅಂಜನಿಯ ಮುಖ ನೋಡಿದಳು. ಮೆಲ್ಲಗೆ ನೋಟ್‌ಬುಕ್ಕು ಬಿಡಿಸಿ ನೆನ್ನೆಯ ಹಾಳೆ ಹುಡುಕಿದಳು.

"ನಾನು ಹೇಳಿದ್ದು," ಎಂದು ತಡವರಿಸಿ ಕೇಳಿದಳು, "ತಪ್ಪು ಮಾತಾ?"

ಉತ್ತರಕ್ಕೂ ಕಾಯದೆ ಆ ಸಾಲನ್ನು ಹೊಡೆದುಹಾಕಲು ಪೆನ್ಸಿಲ್ ಇಟ್ಟಳು. ಅವಳ ಕಿವಿ ಅವತ್ತಿನ ಹಾಗೇ ಕೆಂಪಾಗಿತ್ತು.

ಅಂಜನಿ ಅವಳ ಕೈ ಹಿಡಿದುಕೊಂಡಳು.

"ಹೊಡೀಬೇಡಿ ಹಿಲ್ಡಮ್ಮ. ನಿಮ್ಮ ಮಾತು ಸರಿಯಾಗೇ ಇತ್ತು. ತಪ್ಪು ನಂದು."

ಆಮೇಲೆ ಅಜ್ಜಿಯ ಕಡೆ ತಿರುಗಿದಳು. ಹಗ್ಗ ಬಿಚ್ಚಿದ್ದು, ಕರು ನಾಲ್ಕೂ ಮೊಲೆ ಕುಡಿದದ್ದು, ತಾನು ನೋಡುತ್ತಾ ನಿಂತದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಅಜ್ಜಿ ತಕ್ಷಣ ಕರುವನ್ನು ಕೆಚ್ಚಲಿನಿಂದ ಬಿಡಿಸಿ ಈಚೆಗೆ ಎಳೆದಳು. ಅದರ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು.

"ಬೆಳಿಗ್ಗೇನೇ ಹೇಳಿದ್ರೆ ಬೆಳಿಗ್ಗೇನೇ ಕಷಾಯ ಹಾಕ್ತಿದ್ನಲ್ಲ ಮಗಾ," ಎಂದಳು.

ಅಷ್ಟೇ. ಅಂಜನಿ ಅತ್ತಳು. ಅಳುತ್ತಲೇ ದಾಳಿಂಬೆ ಸಿಪ್ಪೆ ಕುಟ್ಟಿದಳು. ಅಜ್ಜಿ ಕಷಾಯ ಕಾಸಿ ಆರಿಸಿ ಕರುವಿನ ಬಾಯಿಗೆ ಹುಯ್ಯಲು ಬಿದಿರಿನ ಗೊಟ್ಟಕ್ಕೆ ತುಂಬಿದಳು. ಯಾರೂ ಕರೆಯದಿದ್ದರೂ ಹಿಲ್ಡಮ್ಮ ಸಗಣಿ ನೆಲದಲ್ಲೇ ಮಂಡಿಯೂರಿ ಕರುವಿನ ತಲೆ ಹಿಡಿದುಕೊಂಡಳು. ಕರು ಕೊಸರಾಡಿತು. ಅರ್ಧ ಕಷಾಯ ಅವಳ ಫ್ರಾಕಿನ ಮೇಲೆ ಚೆಲ್ಲಿತು, ಇನ್ನರ್ಧ ಒಳಗೆ ಹೋಯಿತು. ಅಜ್ಜಿ ಬಸವಣ್ಣನನ್ನು ನೆನೆದು ಕರುವಿನ ಹಣೆಗೆ ವಿಭೂತಿ ಹಚ್ಚಿದಳು.

ಮೂವರೂ ಕಾದರು. ದೀಪ ಹಚ್ಚುವ ಹೊತ್ತಾಯಿತು. ಕರುವಿನ ಮೂಗಿನ ಮೇಲೆ ಒಂದು ನೊಣ ಕೂತಿತು. ಕರು ತಲೆಯೆತ್ತಿ, ಕಿವಿ ಬಡಿದು, ಅದನ್ನು ಓಡಿಸಿತು.

ಅಜ್ಜಿ ಉಸಿರು ಬಿಟ್ಟಳು. ಹಿಲ್ಡಮ್ಮನನ್ನು ತಲೆಯಿಂದ ಕಾಲಿನವರೆಗೂ ನೋಡಿದಳು. ಕೆದರಿದ ಕೂದಲು, ಫ್ರಾಕಿನ ತುಂಬ ಸಗಣಿ, ಕಷಾಯ.

"ಊರ್‌ಗೆ ಊರೇ ಇವಳ್ನ ನೋಡ್ತದೆ," ಎಂದಳು. "ಹೆತ್ತೋಳು ಹತ್ರದಾಗಿಲ್ಲ. ಎಷ್ಟು ಕಣ್ಣು ಬಿದ್ದವೋ, ತೆಗೆಯೋರು ಯಾರವ್ರೆ?"

ಒಳಗಿನಿಂದ ಮಣೆ ತಂದು ಹಾಕಿ, ಪೂರ್ವಕ್ಕೆ ಮುಖ ಮಾಡಿಸಿ ಹಿಲ್ಡಮ್ಮನನ್ನು ಕೂರಿಸಿದಳು. ಉಪ್ಪಿನ ಮಡಕೆಗೆ ಕೈ ಹಾಕಿದಳು.

ಹಿಲ್ಡಮ್ಮ ಪೆನ್ಸಿಲ್ ತೆಗೆದು ಅಂಜನಿಯ ಕಡೆ ಬಾಗಿದಳು. "ಇದಕ್ಕೆ ಏನು ಹೆಸರು?"

ಅಂಜನಿ ಹೇಳಹೊರಟವಳು ಸುಮ್ಮನಾದಳು. ನಾಳೆ ಹೇಳಿದರಾಯಿತು. ಅವಳ ಕೈಯಿಂದ ಪೆನ್ಸಿಲ್ಲನ್ನು ಮೆಲ್ಲಗೆ ತೆಗೆದುಕೊಂಡು ಪಕ್ಕದಲ್ಲಿ ನಿಂತಳು.

ಅಂಗಡಿಯಿಂದ ಬರಿಗೈಯಲ್ಲಿ ಬಂದಿದ್ದವಳ ಸುತ್ತ, ಅಜ್ಜಿಯ ಮುಷ್ಟಿ ತುಂಬ ಉಪ್ಪು ಮೂರು ಸುತ್ತು ಬಂತು.